ಒಂದೇ ಬದುವಿನ ವೈರಿಗಳು

ಬಾದಾಮಿಯ ಅಗಸ್ತ್ಯತೀರ್ಥದ ಈಶಾನ್ಯಕ್ಕೆ, ತಟ್ಟುಕೋಟೆಯ ಕಡೆಯ ಕೆಂಬಂಡೆಯ ಮೈಮೇಲೆ, ಕ್ರಿಸ್ತಶಕ 700ರ ಸುಮಾರಿಗೆ ಕೊರೆದ ಕಿರಿದಾದ ಶಾಸನವೊಂದುಂಟು. ಕನ್ನಡ ತ್ರಿಪದಿಯ ಅತ್ಯಂತ ಹಳೆಯ ಮಾದರಿ ಅದರಲ್ಲಿ ದೊರೆಯುವುದರಿಂದ ಛಂದಸ್ಸಿನ ವಿದ್ಯಾರ್ಥಿಗಳಿಗೆಲ್ಲ ಅದು ಪರಿಚಿತವಾದುದು. ಆದರೆ ಅದರಲ್ಲಿ ಹೊಗಳಿಸಿಕೊಂಡಿರುವ ಕಪ್ಪೆ ಅರಭಟ್ಟನು ಯಾವ ಗುಣಕ್ಕಾಗಿ ಹೊಗಳಿಸಿಕೊಂಡನೆಂಬುದನ್ನು ನಿಂತು ಯೋಚಿಸುವವರು ವಿರಳ. ಅವನು ರಾಜ್ಯ ಗೆದ್ದನೆಂದಾಗಲಿ, ಕೆರೆ ಕಟ್ಟಿಸಿದನೆಂದಾಗಲಿ, ದೇಗುಲಕ್ಕೆ ದತ್ತಿ ಬಿಟ್ಟನೆಂದಾಗಲಿ ಅಲ್ಲಿ ಹೇಳಿಲ್ಲ. ಒಳ್ಳೆಯವರೊಡನೆ ಒಳ್ಳೆಯವನಾಗಿಯೂ ಕೆಣಕಿದವರ ಪಾಲಿಗೆ ಸಿಂಹವಾಗಿಯೂ ಇರಬಲ್ಲವನೆಂಬುದು, ಎಂದರೆ ಬಂದುದನ್ನು ಬಂದ ಅಳತೆಯಲ್ಲಿಯೇ ಹಿಂದಿರುಗಿಸಬಲ್ಲವನೆಂಬುದು, ಬಂಡೆಯ ಮೇಲೆ ಬರೆಸತಕ್ಕಷ್ಟು ದೊಡ್ಡ ಹಿರಿಮೆಯೆಂದು ಆ ಕಾಲದ ಜನ ಭಾವಿಸಿದ್ದರು.

ಈ ನೆಲದ ಪುರಾಣವೂ ಇತಿಹಾಸವೂ ಇದೇ ರಾಗವನ್ನು ಹಾಡುತ್ತವೆ. ತಂದೆಯ ಕೊಲೆಗೆ ಇಪ್ಪತ್ತೊಂದು ಸಲ ಭೂಮಿಯನ್ನು ಸುತ್ತಿ ಕ್ಷತ್ರಿಯರನ್ನು ಕೊಂದ ಪರಶುರಾಮನು ರಕ್ತಸಿಕ್ತವಾದ ತನ್ನ ಕೊಡಲಿಯನ್ನು ತೊಳೆದದ್ದು ಐಹೊಳೆಯ ಮಲಪ್ರಭೆಯಲ್ಲಿಯೇ ಎಂದು ಅಲ್ಲಿಯ ಹಿರಿಯರು ಇಂದಿಗೂ ಹೊಳೆದಂಡೆಯ ಕಲ್ಲನ್ನು ತೋರಿಸುವರು. ಇಂದ್ರನಿಗೆ ಸಮನಾದ ಮಗನನ್ನು ಕರುಣಿಸಲೊಲ್ಲದ ಒಬ್ಬ ಬ್ರಾಹ್ಮಣನ ಮೇಲಿನ ಕೋಪಕ್ಕೆ ಇಡಿಯ ಬ್ರಾಹ್ಮಣಕುಲವನ್ನೇ ಆಹುತಿ ತೆಗೆದುಕೊಳ್ಳಹೊರಟ ಇಲ್ವಲನ ತಮ್ಮನೇ ವಾತಾಪಿ. ಅವನ ಹೆಸರನ್ನೇ ರಾಜಧಾನಿಯಾದ ಬಾದಾಮಿ ಹೊತ್ತುಕೊಂಡಿತು. ಇಮ್ಮಡಿ ಪುಲಕೇಶಿಯಿಂದಾದ ಪರಾಭವವನ್ನು ಮರೆಯದ ಪಲ್ಲವರು 642ರಲ್ಲಿ ವಾತಾಪಿಯನ್ನು ಸುಟ್ಟು ಸೂರೆಗೊಂಡರು. ನರಸಿಂಹವರ್ಮನು ಅದನ್ನೇ ಬಿರುದು ಮಾಡಿಕೊಂಡನು. ಹದಿಮೂರು ವರ್ಷ ಕಾದು ಒಂದನೆಯ ವಿಕ್ರಮಾದಿತ್ಯನು ರಾಜ್ಯವನ್ನು ಮರಳಿ ಪಡೆದು ಕಂಚಿಯ ಮೇಲೆ ಏರಿಹೋದನು. ಹಗೆತನ ಮೊಮ್ಮಕ್ಕಳ ಮೊಮ್ಮಕ್ಕಳವರೆಗೆ ನಡೆಯಿತು.

ಇಷ್ಟನ್ನು ಕೇಳಿದವರು ಸೇಡು ಈ ಮಣ್ಣಿನ ಗುಣವೆಂದು ಒಮ್ಮೆಲೆ ತೀರ್ಪು ಕೊಟ್ಟುಬಿಡುವುದುಂಟು. ನೆರೆಯ ವಿಜಯಪುರ ಜಿಲ್ಲೆಯ ಭೀಮಾತೀರಕ್ಕೆ ಪತ್ರಿಕೆಗಳೂ ಚಲನಚಿತ್ರಗಳೂ ಅಂಟಿಸಿದ ಹಣೆಪಟ್ಟಿಯನ್ನು ಮೆಲ್ಲಮೆಲ್ಲನೆ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳ ದಂಡೆಗೂ ವಿಸ್ತರಿಸುವ ಹವ್ಯಾಸ ಬೆಂಗಳೂರಿನಲ್ಲಿ ಕುಳಿತವರಿಗೆ ಅಂಟಿಕೊಂಡಿದೆ. ಇದು ಆಲಸ್ಯದ ಮಾತು. ನೆತ್ತರು ಬಿಸಿಯೆಂದು ಹೇಳಿದವನು ಉತಾರವನ್ನು ಓದುವ ಶ್ರಮದಿಂದ ಪಾರಾಗುತ್ತಾನೆ. ಜನರ ಸ್ವಭಾವವನ್ನು ದೂರಿದವನಿಗೆ ಮಳೆಯ ಲೆಕ್ಕವನ್ನಾಗಲಿ, ನ್ಯಾಯಾಲಯದ ತಾರೀಕುಗಳ ಲೆಕ್ಕವನ್ನಾಗಲಿ ತೆಗೆಯಬೇಕಾದ ಅಗತ್ಯವೇ ಬೀಳುವುದಿಲ್ಲ. ಕೋಟಿಗಟ್ಟಲೆ ಜನ ಇಂಥ ನೆಲದ ಮೇಲೆಯೇ ಹುಟ್ಟಿ, ಇಂಥ ಕಥೆಗಳನ್ನೇ ಕೇಳಿ, ಕೈಯಲ್ಲಿ ಕುಡಗೋಲು ಹಿಡಿದೇ ದುಡಿದು, ಯಾರ ಕೂದಲನ್ನೂ ಕೊಂಕಿಸದೆ ಬದುಕಿ ಸಾಯುತ್ತಾರಲ್ಲವೆ?

ರಾಷ್ಟ್ರೀಯ ಅಪರಾಧ ದಾಖಲೆ ಕೇಂದ್ರವು ವರ್ಷಂಪ್ರತಿ ಪ್ರಕಟಿಸುವ ಕೋಷ್ಟಕಗಳಲ್ಲಿ ಕೊಲೆಗಳ ಹೇತುವಿಗೂ ಒಂದು ಪುಟವಿದೆ. 2022ರಲ್ಲಿ ದೇಶದಾದ್ಯಂತ ದಾಖಲಾದ 28,522 ಕೊಲೆ ಪ್ರಕರಣಗಳಲ್ಲಿ 9,962 ಜಗಳ-ವ್ಯಾಜ್ಯಗಳಿಂದಲೂ, 3,761 ವೈಯಕ್ತಿಕ ದ್ವೇಷ ಅಥವಾ ವೈರದಿಂದಲೂ, 1,884 ಲಾಭದ ಆಸೆಯಿಂದಲೂ ಸಂಭವಿಸಿದವೆಂದು ಆ ಪುಟ ಹೇಳುತ್ತದೆ. ದುಡ್ಡಿನ ಆಸೆಗೆ ಸತ್ತವರಿಗಿಂತ ದ್ವೇಷಕ್ಕೆ ಸತ್ತವರು ಎರಡು ಪಟ್ಟು ಎಂಬುದು ಒಂದು ಸಂಗತಿ. ಅದಕ್ಕಿಂತ ವಿಚಾರಯೋಗ್ಯವಾದುದು, ವ್ಯಾಜ್ಯವನ್ನೂ ವೈರವನ್ನೂ ಎರಡು ಬೇರೆ ಅಂಕಣಗಳಲ್ಲಿ ಬರೆದಿರುವುದು. ಹಳ್ಳಿಯಲ್ಲಿ ಇವು ಎರಡಲ್ಲ. ಈ ವರ್ಷದ ವ್ಯಾಜ್ಯ ಮುಂದಿನ ವರ್ಷದ ವೈರ. ಠಾಣೆಯ ಬರವಣಿಗೆಯಲ್ಲಿ ‘ಹಳೇ ದ್ವೇಷದ ಹಿನ್ನೆಲೆ’ ಎಂದು ಮುಗಿದುಹೋಗುವ ಸಾಲಿನ ಹಿಂದೆ ಎಲ್ಲಿಯೋ ಒಂದು ಚಕ್ಕಡಿ ದಾರಿ, ಒಂದು ಬಾವಿಯ ಪಾಳಿ, ಇಲ್ಲವೆ ಒಂದು ಬಾಂದಗಲ್ಲು ಮಲಗಿರುತ್ತದೆ.

ಸೇಡಿನ ಕುರಿತು ನಾವು ಮೊದಲು ಅರಿಯಬೇಕಾದುದು, ಅದು ಸಾಮಾನ್ಯವಾಗಿ ದೂರದವರ ನಡುವೆ ಹುಟ್ಟುವಂಥದಲ್ಲವೆಂಬುದನ್ನು. ಅಪರಿಚಿತನು ಮೋಸ ಮಾಡಿ ಹೋದರೆ ಮನುಷ್ಯ ಬಯ್ದು ಮರೆಯುತ್ತಾನೆ. ಪಕ್ಕದ ಹೊಲದವನು, ಅದರಲ್ಲಿಯೂ ಒಂದೇ ಅಜ್ಜನ ಮೊಮ್ಮಗನು, ವರ್ಷಕ್ಕೆ ಒಂದು ಸಾಲಿನಷ್ಟು ಬದುವನ್ನು ಒತ್ತಿ ಉತ್ತರೆ ಮರೆಯಲಾರನು. ಮರೆಯುವುದಕ್ಕೆ ಅವಕಾಶವಾದರೂ ಎಲ್ಲಿ? ಬೆಳಗಾದರೆ ಅದೇ ಬದು, ಅದೇ ಮುಖ. ಹುನಗುಂದದ ಎರಿ ಹೊಲಗಳಲ್ಲಿ ಎತ್ತಿನ ಗಳೆ ಹೊಡೆಯುತ್ತಿದ್ದ ಕಾಲದಲ್ಲಿ ಬದುವಿನ ಕರಿಕೆಯ ಬೇರನ್ನು ಕೀಳುವುದು ಎತ್ತಿಗೂ ಕಷ್ಟ, ಮನುಷ್ಯನಿಗೂ ಕಷ್ಟವಾಗಿತ್ತಾದುದರಿಂದ ಒತ್ತುವರಿ ಗೇಣುಗೇಣಾಗಿ ನಡೆಯುತ್ತಿತ್ತು. ಈಗ ಬಾಡಿಗೆಯ ಟ್ರ್ಯಾಕ್ಟರು ಒಂದೇ ಮುಂಜಾವಿನಲ್ಲಿ ಮೂರು ತಲೆಮಾರಿನ ಬದುವನ್ನು ಅಳಿಸಿ ಸಮ ಮಾಡಬಲ್ಲುದು, ಮತ್ತು ಆ ಚಾಲಕನು ಬೇರೆ ಊರಿನವನಾದ ಕಾರಣ ‘ನನಗೇನು ಗೊತ್ತರಿ, ತೋರಿಸಿದಲ್ಲಿ ಹೊಡದೆ’ ಎಂದು ಕೈ ತೊಳೆದುಕೊಳ್ಳಬಲ್ಲನು.

ಮಳೆಯ ಅಭಾವ ಇದಕ್ಕೆ ತುಪ್ಪ ಸುರಿಯುತ್ತದೆ. ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಈ ಸೀಮೆಗೆ ವರ್ಷಕ್ಕೆ ಆರುನೂರು ಮಿಲಿಮೀಟರಿನೊಳಗೇ ಮಳೆ. ಅದೂ ಮುಂಗಾರಿ ಕೈಕೊಟ್ಟು ಹಿಂಗಾರಿಯ ಬಿಳಿಜೋಳದ ಮೇಲೆಯೇ ವರ್ಷದ ಅನ್ನ ನಿಂತಿರುವ ವರ್ಷಗಳೇ ಹೆಚ್ಚು. 1876ರಿಂದ 78ರವರೆಗಿನ ಮಹಾಕ್ಷಾಮದಲ್ಲಿ, ಆಗ ಕಲಾದಗಿ ಜಿಲ್ಲೆಯೆನಿಸಿಕೊಂಡಿದ್ದ ಈ ಪ್ರಾಂತವು ಮುಂಬಯಿ ಇಲಾಖೆಯಲ್ಲಿ ಅತ್ಯಂತ ಹೆಚ್ಚು ನಲುಗಿದ ಪ್ರದೇಶಗಳಲ್ಲೊಂದಾಗಿತ್ತು. ಹೆಚ್ಚು ಬೆಳೆಯುವ ಕಡೆ ಒಂದು ಗುಂಟೆ ಹೋದರೆ ಅದು ಹಾನಿ. ಎರಡೆಕರೆಯ ಮಸಾರಿ ಹೊಲದವನಿಗೆ ಒಂದು ಗುಂಟೆ ಹೋದರೆ ಅದು ಅವಮಾನ, ಏಕೆಂದರೆ ಅವನಿಗೆ ಆ ಹೊಲವನ್ನುಳಿದು ಊರಲ್ಲಿ ಬೇರೆ ನಿಲುಗಡೆಯಿಲ್ಲ. ಹಾಗೆಂದು ನೀರು ಬಂದರೆ ಜಗಳ ನಿಲ್ಲುವುದೆಂದು ತಿಳಿದವರೂ ಎಡವಿದ್ದಾರೆ. ನೀರಾವರಿಯಿಂದ ಭೂಮಿಯ ಬೆಲೆ ಏರಿದೊಡನೆ ಹಿಂದೆ ಯಾರೂ ಕಣ್ಣೆತ್ತಿ ನೋಡದಿದ್ದ ಮೂಲೆಯೂ ತಕರಾರಿನ ವಸ್ತುವಾಗುತ್ತದೆ. ಕಬ್ಬು ಬಂದಲ್ಲಿ ಕಬ್ಬಿನ ಲೋಡು ಹೋಗತಕ್ಕ ದಾರಿಯೂ ಬೇಕಾಗುತ್ತದೆ. ಹುನಗುಂದ ತಾಲೂಕಿನ ರಾಮಥಾಳ-ಮರೋಳ ಯೋಜನೆಯಂತೆ 24,000 ಹೆಕ್ಟೇರಿಗೆ ಹನಿ ನೀರು ಹಾಯಿಸುವ ಸಾಹಸ ನಡೆದಲ್ಲಿ ಕೊಳವೆಯ ಒಂದು ತಿರುಗಣಿಯನ್ನು ಯಾರು, ಯಾವಾಗ ತಿರುವಬೇಕೆಂಬುದೇ ಊರಿನ ರಾಜಕಾರಣವಾಗುತ್ತದೆ.

ಇನ್ನೊಂದು ಸಂಗತಿಯನ್ನು ಅಪರಾಧಶಾಸ್ತ್ರದ ಗ್ರಂಥಗಳಲ್ಲಿ ಹುಡುಕಿದರೆ ಸಿಕ್ಕಲಾರದು, ಆದರೆ ಹೊಲದ ಮನೆಯಲ್ಲಿ ಒಂದು ರಾತ್ರಿ ಕಳೆದವರಿಗೆ ತಾನಾಗಿಯೇ ತಿಳಿಯುತ್ತದೆ. ಪಂಪುಸೆಟ್ಟಿಗೆ ದಿನಕ್ಕೆ ಏಳು ತಾಸು ತ್ರೀಫೇಸ್ ಕರೆಂಟು. ಅದು ಪಾಳಿಯ ಮೇಲೆ, ಹಲವು ಸಲ ನಟ್ಟಿರುಳಿನಲ್ಲಿ. ಕರೆಂಟು ಬಂತೆಂದರೆ ರೈತನು ಬ್ಯಾಟರಿ ಹಿಡಿದು ಒಬ್ಬನೇ ಹೊಲಕ್ಕೆ ಹೋಗಲೇಬೇಕು. ಆಳೆತ್ತರ ಬೆಳೆದ ಕಬ್ಬು, ಕಣ್ಣಿಗೆ ಕಾಣದ ಕಾಲುದಾರಿ, ಕೂಗಿದರೆ ಕೇಳದಷ್ಟು ದೂರದ ಊರು, ಮತ್ತು ಅವನು ಇಂತಿಷ್ಟು ಹೊತ್ತಿಗೆ ಇಲ್ಲಿಗೆ ಬಂದೇ ಬರುವನೆಂದು ಗಡಿಯಾರದಷ್ಟು ಖಚಿತವಾಗಿ ಬಲ್ಲ ವೈರಿ: ಸೇಡಿಗೆ ಸಮಯವನ್ನು ಗೊತ್ತುಪಡಿಸಿಕೊಡುವ ಕೆಲಸವನ್ನು ವಿದ್ಯುತ್ತಿನ ವೇಳಾಪಟ್ಟಿಯೇ ಮಾಡುತ್ತದೆ. ಪಂಪುಸೆಟ್ಟಿಗೆ ಹಗಲು ಕರೆಂಟು ಕೊಡಿರೆಂದು ರೈತ ಸಂಘದವರು ಕೇಳಿದಾಗ ಹಾವು-ಚೇಳುಗಳ ಭಯವನ್ನು ಹೇಳುತ್ತಾರೆ. ಹೇಳದೆ ಉಳಿಸಿಕೊಳ್ಳುವ ಭಯವೂ ಒಂದುಂಟು.

ಕೊಲೆ ಒಮ್ಮೆಲೆ ಬರುವುದೂ ಇಲ್ಲ. ಅದಕ್ಕೆ ಮುಂಚೆ ಸಣ್ಣ ಸಣ್ಣ ಸೇಡುಗಳ ಒಂದು ಮಾಲೆಯೇ ಇರುತ್ತದೆ. ಬೋರಿನ ಕೇಬಲ್ಲು ಕತ್ತರಿಸಿಹೋಗಿರುತ್ತದೆ. ಕಣದ ಬಣವಿಗೆ ರಾತ್ರಿ ಬೆಂಕಿ ಬೀಳುತ್ತದೆ. ಮೂರು ವರ್ಷ ಮಕ್ಕಳಂತೆ ಸಾಕಿದ ದಾಳಿಂಬೆಯ ಗಿಡಗಳು ಬುಡದಲ್ಲಿ ಕಡಿದು ಮಲಗಿರುತ್ತವೆ. ಎಮ್ಮೆ ಬಾಯಿಯಲ್ಲಿ ನೊರೆ ಕಾರಿ ಬೀಳುತ್ತದೆ. ಯಾರು ಮಾಡಿದರೆಂಬುದು ಊರಿಗೆಲ್ಲ ಗೊತ್ತು, ಸಾಕ್ಷಿ ಹೇಳುವವರು ಒಬ್ಬರೂ ಇಲ್ಲ. ಫೌಜದಾರರ ಮುಂದೆ ನಿಂತವನಿಗೆ ‘ಯಾರ ಮ್ಯಾಲೆ ಸಂಶೆ ಅದ?’ ಎಂಬ ಪ್ರಶ್ನೆ. ಹೆಸರು ಹೇಳಿದರೆ ಮರುದಿನ ಎದುರು ದೂರು. ಒಂದೊಂದು ಹೆಜ್ಜೆಯೂ ಹಿಂದಿನದಕ್ಕಿಂತ ತುಸು ದೊಡ್ಡದು. ಬಣವಿ ಸುಟ್ಟಾಗ ಬೂದಿಯನ್ನು ನೋಡಲು ಒಬ್ಬ ಅಧಿಕಾರಿಯಾದರೂ ಹೊಲಕ್ಕೆ ಬಂದಿದ್ದರೆ ಅದಕ್ಕೆ ಮುಂದಿನ ಅಧ್ಯಾಯ ಇರುತ್ತಿರಲಿಲ್ಲವೆಂಬ ಕೊಲೆಗಳು ಎಷ್ಟಿವೆಯೋ ಯಾರು ಬಲ್ಲರು.

ಹುನಗುಂದದ ನ್ಯಾಯಾಲಯದ ಹೊರಗಿನ ಚಹದಂಗಡಿಯಲ್ಲಿ ವಾದಿ-ಪ್ರತಿವಾದಿಗಳನ್ನು ಹೊರಗಿನವನು ಬೇರ್ಪಡಿಸಿ ಗುರುತಿಸಲಾರ. ಒಂದೇ ಬಗೆಯ ಪಟಕಾ, ಒಂದೇ ಬಗೆಯ ಕಾಗದದ ಚೀಲ. ಚೀಲದೊಳಗೆ ಕೈಬರಹದ ಹಳೆಯ ಉತಾರ, ವಾಟ್ನಿ ಪತ್ರ, ಸರ್ವೆಯವರ ನಕಾಶೆ, ಮಡಿಕೆಯಲ್ಲಿ ಹರಿದ ಕೋರ್ಟಿನ ನಕಲು. ‘ಅವಂದೂ ನಂದೂ ಒಂದ ಬಸ್ಸರಿ, ಒಂದ ತಾರೀಕು,’ ಎಂದು ಅಲ್ಲಿಯ ಹಿರಿಯರೊಬ್ಬರು ತಮ್ಮ ದೊಡ್ಡಪ್ಪನ ಮಗನ ಕಡೆಗೆ ಕಣ್ಣಿನಿಂದಲೇ ತೋರಿಸಿ ಹೇಳಿದರು, ‘ಟಿಕೀಟ ಮಾತ್ರ ಬ್ಯಾರೆ ಬ್ಯಾರೆ ತಗೋತೀವಿ.’ ಊರಿಗೆ ಮುಂಜಾನೆ ಒಂದೇ ಬಸ್ಸು. ಹೋಗುವಾಗ ಇಬ್ಬರಿಗೂ ಗೆಲ್ಲುವ ಆಸೆ. ಬರುವಾಗ, ಪ್ರಕರಣ ಮತ್ತೆ ಮುಂದೆ ಹೋಗಿರುವುದರಿಂದ, ಇಬ್ಬರ ಕಿಸೆಯೂ ಹಗುರ. ಆ ಬಸ್ಸಿನಲ್ಲಿ ಊರಿನ ಹತ್ತು ಜನರಾದರೂ ಇರುತ್ತಾರೆ. ಯಾರು ಯಾರಿಗೆ ಸೀಟು ಬಿಟ್ಟರು, ಯಾರು ಮೀಸೆಯ ಮೇಲೆ ಕೈಯಾಡಿಸಿದರು ಎಂಬ ವರದಿ ಸಂಜೆಗೆ ಅಗಸಿಕಟ್ಟೆಯನ್ನು ತಲುಪುತ್ತದೆ. ಹಗೆಯನ್ನು ಪೋಷಿಸತಕ್ಕ ಇಂಥ ಅನ್ಯೋನ್ಯತೆ ನಗರದಲ್ಲಿ ದುರ್ಲಭ.

ದೇಶದ ಜಿಲ್ಲಾ ಮತ್ತು ತಾಲೂಕು ನ್ಯಾಯಾಲಯಗಳಲ್ಲಿ ಇಂದು 4 ಕೋಟಿಗೂ ಮಿಕ್ಕಿದ ಪ್ರಕರಣಗಳು ಇತ್ಯರ್ಥಕ್ಕಾಗಿ ಕಾದಿವೆ. ಹಾವಿನ ದ್ವೇಷಕ್ಕೆ ಗಾದೆಯು ಹನ್ನೆರಡು ವರ್ಷದ ಗಡುವನ್ನು ಕೊಟ್ಟಿದೆ. ಪರರ ಭೂಮಿಯನ್ನು ಬಹಿರಂಗವಾಗಿ ಅನುಭವಿಸುತ್ತ ಬಂದವನಿಂದ ಅದನ್ನು ಬಿಡಿಸಿಕೊಳ್ಳಲು 1963ರ ಕಾಲಮಿತಿ ಕಾಯಿದೆಯೂ ಹನ್ನೆರಡೇ ವರ್ಷದ ಗಡುವನ್ನು ವಿಧಿಸಿದೆ. ಇವೆರಡನ್ನೂ ಬಲ್ಲ ರೈತನು ಸುಮ್ಮನಿರಲಾರನು, ಏಕೆಂದರೆ ಸುಮ್ಮನಿದ್ದವನ ಹೊಲ ಹೋಗುತ್ತದೆ. ದಾವೆ ಹೂಡಿದರೂ ಗೆದ್ದವ ಸೋತ, ಸೋತವ ಸತ್ತ. ಅಧಿಕಾರವು ಮನುಷ್ಯನ ಕೈಯಿಂದ ಆಯುಧವನ್ನು ಕಸಿದುಕೊಳ್ಳುವಾಗ ‘ನಿನಗಾದ ಅನ್ಯಾಯವನ್ನು ಇನ್ನು ನಾನು ನೋಡಿಕೊಳ್ಳುವೆನು’ ಎಂಬ ಒಂದು ಕರಾರನ್ನು ಮಾಡಿಕೊಟ್ಟಂತೆಯೇ ಸರಿ. ಆ ಕರಾರಿನ ಮೇಲೆ ನಂಬಿಕೆಯಿಲ್ಲದೆ ಆಯುಧವನ್ನಷ್ಟೇ ಕೇಳಿದರೆ ಏನಾಗುವುದೆಂಬುದನ್ನು 1857ರಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ತೋರಿಸಿಕೊಟ್ಟರು. ಅಸ್ತ್ರಗಳನ್ನು ಒಪ್ಪಿಸಿರೆಂಬ ಕಂಪನಿ ಸರಕಾರದ ಆಜ್ಞೆಗೆ ಮಣಿಯದ ಆ ಊರನ್ನು ಸೈನ್ಯವು ಸುಟ್ಟಿತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಿತು. ಲಾವಣಿಕಾರರು ಅದನ್ನು ಮರೆತಿಲ್ಲ.

ಹಾಗಾದರೆ ಮೊದಲು ಊರಿನ ದೈವವೇ ಕೂಡಿ ನ್ಯಾಯ ಬಗೆಹರಿಸುತ್ತಿದ್ದ ಕಾಲ ಚೆನ್ನಾಗಿತ್ತೆನ್ನೋಣವೆ? ಅಷ್ಟು ಸುಲಭವಾಗಿ ಒಪ್ಪಲು ನನ್ನ ಮನಸ್ಸು ಹಿಂಜರಿಯುತ್ತದೆ. ಗೌಡ, ಕುಲಕರ್ಣಿ, ನಾಲ್ಕು ಮಂದಿ ಹಿರಿಯರು ಗುಡಿಯ ಕಟ್ಟೆಯ ಮೇಲೆ ಕೂತು, ಭಂಡಾರ ಮುಟ್ಟಿಸಿ ಆಣೆ ಮಾಡಿಸಿ, ದಂಡ ಹಾಕಿ, ಕಡೆಗೆ ಇಬ್ಬರ ಕೈಯಲ್ಲಿಯೂ ಎಲೆ-ಅಡಿಕೆ ಕೊಡಿಸಿ ಎಬ್ಬಿಸುತ್ತಿದ್ದರೆಂಬುದು ನಿಜ. ಆ ಕಟ್ಟೆಯ ಮೇಲೆ ಕೂರುವ ಹಕ್ಕು ಊರ ಹೊರಗಿನ ಕೇರಿಯವನಿಗೆ ಇರಲಿಲ್ಲವೆಂಬುದೂ, ಹೆಂಗಸಿನ ದೂರು ಅವಳ ಬಾಯಿಂದ ಅಲ್ಲಿ ಕೇಳಿಬರುತ್ತಿರಲಿಲ್ಲವೆಂಬುದೂ ಅಷ್ಟೇ ನಿಜ. ವತನಗಳು 1961ರ ಗ್ರಾಮಾಧಿಕಾರ ರದ್ದಿಯಾತಿ ಕಾಯಿದೆಯಿಂದ ಹೋದವು, 1974ರಿಂದ ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿಯಿಂದ ಉಳುವವನು ಒಡೆಯನಾದನು, ಇವೆರಡೂ ನ್ಯಾಯವೇ. ಆದರೆ ಹಳೆಯ ಕಟ್ಟೆ ಬಿದ್ದ ಜಾಗದಲ್ಲಿ ಹೊಸದೊಂದು ಏಳಲಿಲ್ಲ. 1993ರ ಅಧಿನಿಯಮದ ಮೇರೆಗೆ ಬಂದ ಗ್ರಾಮ ಪಂಚಾಯಿತಿಗೆ ಬೀದಿದೀಪ ಹಾಕಿಸುವ ಅಧಿಕಾರ ಬಂತೇ ಹೊರತು ಹೊಡೆದಾಡಿದವರನ್ನು ಕೂಡಿಸುವ ನೈತಿಕ ಬಲ ಬರಲಿಲ್ಲ. ತದ್ವಿರುದ್ಧವಾಗಿ ಹತ್ತಾರು ಮತಗಳ ಅಂತರದಲ್ಲಿ ತೀರ್ಮಾನವಾಗುವ ಅದರ ಚುನಾವಣೆಯೇ ಎಷ್ಟೋ ಊರುಗಳಲ್ಲಿ ಅಣ್ಣತಮ್ಮಂದಿರ ಹಳೆಯ ಮನಸ್ತಾಪಕ್ಕೆ ಪಕ್ಷದ ಬಾವುಟವನ್ನು ಕಟ್ಟಿಕೊಟ್ಟಿತು.

ಮ್ಯಾಕ್ಸ್ ಗ್ಲಕ್‌ಮನ್ ಎಂಬ ಮಾನವಶಾಸ್ತ್ರಜ್ಞನು ಆಫ್ರಿಕದ ಬುಡಕಟ್ಟುಗಳ ಕುಲವೈರವನ್ನು ಅಭ್ಯಸಿಸಿ 1955ರಲ್ಲಿ ಒಂದು ವಿಚಾರವನ್ನು ಮುಂದಿಟ್ಟನು: ವೈರವನ್ನು ತಡೆಯುವುದು ಸದ್ಬುದ್ಧಿಯಲ್ಲ, ಅಡ್ಡಡ್ಡ ಹೆಣೆದುಕೊಂಡ ಸಂಬಂಧಗಳು, ತಂದೆಯ ಕಡೆಯವರ ಶತ್ರು ತಾಯಿಯ ಕಡೆಯವರ ಬೀಗನಾಗಿರುವಲ್ಲಿ ಕತ್ತಿ ಎತ್ತಿದವನ ಕೈಯನ್ನು ಹಿಡಿಯುವವರು ಅವನ ಮನೆಯೊಳಗೇ ಇರುತ್ತಾರೆ. ಈ ಮಾತನ್ನು ಓದಿದಾಗ ನನಗೆ ನೆನಪಾದುದು ನಮ್ಮ ಸೋದರಮಾವ. ಅಕ್ಕನ ಮಗಳನ್ನು ತಂದುಕೊಳ್ಳುವ, ಮುಯ್ಯಾಳಿನಿಂದ ಒಬ್ಬರ ಹೊಲ ಒಬ್ಬರು ಕೊಯ್ಯುವ, ಒಂದೇ ಮಟ್ಟಿಯ ಬಾವಿಗೆ ನಾಲ್ಕು ಮನೆ ಹಗ್ಗ ಬಿಡುವ ಊರಿನಲ್ಲಿ ಜಗಳ ಕಡಿಮೆಯಿರಲಿಲ್ಲ. ಆದರೆ ಕಂಟಿ ಹಾಯುವ ಮೊದಲು ಅಡ್ಡ ಬಂದು ನಿಲ್ಲುವವರಿದ್ದರು. ಬಾವಿಯ ಬದಲು ಒಬ್ಬೊಬ್ಬರಿಗೆ ಒಂದೊಂದು ಬೋರು, ಮುಯ್ಯಾಳಿನ ಬದಲು ರಾಶಿಯ ಯಂತ್ರ, ಕಳ್ಳುಬಳ್ಳಿಯ ಬದಲು ದೂರದ ವರ; ಪ್ರತಿಯೊಂದೂ ತನ್ನಷ್ಟಕ್ಕೆ ಅನುಕೂಲವೇ. ಒಟ್ಟಾಗಿ ಅವು ನೆರೆಯವನನ್ನು ನೆರೆಯಲ್ಲಿಯೇ ಉಳಿಸಿ, ಅವನ ಅಗತ್ಯವನ್ನು ಮಾತ್ರ ತೆಗೆದುಹಾಕಿದವು.

ಸೇಡಿನ ಉಪಕರಣವೂ ಪರಿಸರದಿಂದಲೇ ಒದಗುತ್ತದೆಯೆಂಬುದಕ್ಕೆ ಇಳಕಲ್ಲಿನಲ್ಲಿ 2024ರ ನವೆಂಬರಿನಲ್ಲಿ ನಡೆದ ಘಟನೆಗಿಂತ ಬೇರೆ ನಿದರ್ಶನ ಬೇಡ. ಟೋಪಿ ತೆನೆಯ ಸೆರಗಿನ ಸೀರೆಗೆ ಹೆಸರಾದ ಆ ಊರು ಕೆಂಪು ಗ್ರಾನೈಟಿಗೂ ಹೆಸರಾದುದು. ಗ್ರಾನೈಟ್ ಇದ್ದಲ್ಲಿ ಕಲ್ಲುಗಣಿ, ಗಣಿಯಿದ್ದಲ್ಲಿ ಸಿಡಿಮದ್ದು. ಗೆಳತಿಯ ಹೆಸರಿಗೆ ಬಂದ ಪಾರ್ಸೆಲನ್ನು, ಅವಳು ಊರಲ್ಲಿಲ್ಲದ ಕಾರಣ, ತಾನು ಬಿಡಿಸಿಕೊಂಡು ಬಂದ ಒಬ್ಬ ಹೆಣ್ಣುಮಗಳು ಅದರೊಳಗಿದ್ದ ಕೂದಲು ಒಣಗಿಸುವ ಯಂತ್ರವನ್ನು ವಿದ್ಯುತ್ತಿಗೆ ಜೋಡಿಸಿದೊಡನೆ ಅದು ಸ್ಫೋಟಿಸಿ ಅವಳ ಎರಡೂ ಕೈಗಳು ಛಿದ್ರವಾದವು. ಅದು ಯಂತ್ರದ ದೋಷವೆಂದೇ ಮೊದಲು ಎಲ್ಲರೂ ತಿಳಿದರು. ಪೊಲೀಸರು ತನಿಖೆಯ ಬಳಿಕ ಹೇಳಿದ ವೃತ್ತಾಂತ ಬೇರೆ: ಗ್ರಾನೈಟ್ ಉದ್ಯಮದಲ್ಲಿ ಬಹುಕಾಲ ದುಡಿದ ಒಬ್ಬನು, ತನ್ನಿಂದ ಆ ಹೆಣ್ಣುಮಗಳನ್ನು ದೂರ ಮಾಡಿದಳೆಂಬ ಸಿಟ್ಟಿನಿಂದ, ಅವಳ ಗೆಳತಿಯನ್ನು ಕೊಲ್ಲಲು ಯಂತ್ರದೊಳಗೆ ಡಿಟೋನೇಟರ್ ಇಟ್ಟು ಕಳಿಸಿದ್ದನೆಂಬುದು ಅವರ ಆರೋಪ. ಅದು ನಿಜವಾದರೆ, ಯಾರಿಗಾಗಿ ಸೇಡು ಹುಟ್ಟಿತೋ ಅವಳ ಕೈಗಳನ್ನೇ ಅದು ತಿಂದಿತು. ಬಂಡೆಯೊಡೆಯುವ ಮದ್ದು ಲೆಕ್ಕ ತಪ್ಪಿ ಕೈಯಿಂದ ಕೈಗೆ ಹೋಗಲು ಸಾಧ್ಯವಿರುವಲ್ಲಿ ಕೋಪವು ಕೊಡಲಿಯನ್ನು ಹುಡುಕಬೇಕಾಗಿಲ್ಲ.

ಅದೇ ಇಳಕಲ್ಲಿನ ವಿಜಯಮಹಾಂತೇಶ್ವರ ಮಠದ ಮಹಾಂತಪ್ಪಗಳು, 2018ರಲ್ಲಿ ಲಿಂಗೈಕ್ಯರಾದ ಡಾಕ್ಟರ್ ಮಹಾಂತ ಸ್ವಾಮಿಗಳು, ಜೋಳಿಗೆಯನ್ನು ಹೆಗಲಿಗೆ ಹಾಕಿಕೊಂಡು ಊರೂರು ತಿರುಗಿ ಜೋಳವನ್ನಲ್ಲ, ದುಡ್ಡನ್ನಲ್ಲ, ಜನರ ಕುಡಿತ-ಗುಟಕಾ-ಜೂಜುಗಳನ್ನು ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ಸರಕಾರವು ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ದ್ವೇಷವನ್ನು ಮದ್ಯವು ಹುಟ್ಟಿಸಲಾರದು. ಹತ್ತು ವರ್ಷ ನಾಲಗೆಯ ಹಿಂದೆ ತಡೆದು ನಿಂತ ಮಾತನ್ನು ಒಂದು ಸಂಜೆ ಢಾಬಾದಲ್ಲಿ ನಾಲ್ಕು ಜನರ ನಡುವೆ ಆಡಿಸಬಲ್ಲುದು. ಆಡಿದ ಮೇಲೆ ಹಿಂದೆಗೆಯುವಂತಿಲ್ಲ, ಏಕೆಂದರೆ ಕೇಳಿದವರಿದ್ದಾರೆ. ಗಂಡಸುತನವೆಂಬುದು ನೋಡುವವರಿದ್ದಾಗ ಮಾತ್ರ ಪ್ರಾಣಕ್ಕಿಂತ ಬೆಲೆಯುಳ್ಳದ್ದಾಗುವ ವಸ್ತು. ‘ನಿಮ್ಮಪ್ಪನ ಕಡದವರ ಮುಂದ ತಿರಗ್ಯಾಡ್ತಿಯಲ್ಲೋ ತಮ್ಮಾ’ ಎಂದು ಗೆಳೆಯನೊಬ್ಬ ನಗುತ್ತ ಹೇಳಿದ ಮಾತು, ಆ ಹುಡುಗನಿಗೆ ತಂದೆಯ ಮುಖವೇ ನೆನಪಿಲ್ಲದಿದ್ದರೂ, ಕೆಲಸ ಮಾಡುತ್ತದೆ.

ಹೆಂಗಸರನ್ನು ಈ ವಿಷಯದಲ್ಲಿ ಎರಡು ಬಗೆಯಾಗಿ ಮಾತ್ರ ಚಿತ್ರಿಸುವುದು ರೂಢಿ: ಸೇಡು ತೀರುವವರೆಗೆ ಹೆರಳು ಕಟ್ಟೆನೆನ್ನುವ ದ್ರೌಪದಿ, ಇಲ್ಲವೆ ಕಣ್ಣೀರಿಡುವ ಮೂಕಿ. ಕೊಲೆಯಾದವನ ಮನೆಯಲ್ಲಿಯೂ ಕೊಂದವನ ಮನೆಯಲ್ಲಿಯೂ ಮರುದಿನದಿಂದ ಹೊಲವನ್ನು ನಡೆಸತಕ್ಕವರು ಅವರೇ ಎಂಬುದನ್ನು ಯಾರೂ ಬರೆಯುವುದಿಲ್ಲ. ಒಬ್ಬಳ ಗಂಡ ಮಣ್ಣಿನಲ್ಲಿ, ಇನ್ನೊಬ್ಬಳ ಗಂಡ ಜೈಲಿನಲ್ಲಿ. ವಕೀಲರ ಫೀಗೆ ಎಮ್ಮೆ ಮಾರುವವಳು ಒಬ್ಬಳಾದರೆ ಮಗನನ್ನು ಊರು ಬಿಡಿಸಿ ಮಂಗಳೂರಿಗೋ ಗೋವೆಗೋ ದುಡಿಯಲು ಕಳಿಸುವವಳು ಇನ್ನೊಬ್ಬಳು. ಆ ಊರು ಬಿಡಿಸುವ ಕೆಲಸ ಎಷ್ಟು ಕೊಲೆಗಳನ್ನು ತಪ್ಪಿಸಿದೆಯೆಂಬುದಕ್ಕೆ ಯಾವ ಕೋಷ್ಟಕವೂ ಇಲ್ಲ.

ಒಳಗಿನ ಕಾವನ್ನು ಹೊರಹಾಕಲು ಈ ಸೀಮೆ ತನ್ನದೇ ಆದ ದಾರಿಗಳನ್ನು ಮಾಡಿಕೊಂಡಿದೆ. ಬಾಗಲಕೋಟೆಯ ಹೋಳಿಯಲ್ಲಿ ಹಲಗೆಯ ಸದ್ದಿಗೆ ಓಣಿಗೆ ಓಣಿಯೇ ಬೀದಿಗಿಳಿದು, ಚಕ್ಕಡಿಗಳ ಮೇಲೆ ಬಣ್ಣದ ಬ್ಯಾರಲ್ಲುಗಳನ್ನಿಟ್ಟುಕೊಂಡು ದಿನಗಟ್ಟಲೆ ಒಂದರ ಮೇಲೊಂದು ಯುದ್ಧಕ್ಕೆ ಹೋಗುವುದನ್ನು ಕಂಡವರಿಗೆ, ವರ್ಷದ ಬಯ್ಗಳನ್ನು ಒಂದು ವಾರದಲ್ಲಿ ಬಯ್ದು ತೀರಿಸುವ ಆ ವ್ಯವಸ್ಥೆಯ ಬುದ್ಧಿವಂತಿಕೆ ಹೊಳೆಯದಿರದು. ಬನದ ಹುಣ್ಣಿಮೆಗೆ ಬನಶಂಕರಿಯ ಜಾತ್ರೆಯಲ್ಲಿ ನಾಟಕ ಕಂಪನಿಗಳ ತಂಬುಗಳೊಳಗೆ ರಾತ್ರಿಯೆಲ್ಲ ವೈರಿಗಳು ಸಾಯುತ್ತಾರೆ, ಜನ ಅತ್ತು ನಕ್ಕು ಬೆಳಗಿನ ಬಸ್ಸು ಹಿಡಿಯುತ್ತಾರೆ. ಮಲಪ್ರಭೆಯ ಮೇಲ್ಬಯಲಿನ ಬೈಲಹೊಂಗಲದಲ್ಲಿ ನಿಜವಾಗಿ ನಡೆದ ಕೊಲೆಯೆಂದು ಪ್ರತೀತಿಯಿರುವ ಕಥೆಯೇ ‘ಸಂಗ್ಯಾ ಬಾಳ್ಯಾ’ ಸಣ್ಣಾಟವಾಗಿ ಊರೂರು ಆಡಿತು. ಮುಂದೆ ಚಂದ್ರಶೇಖರ ಕಂಬಾರರ ಕೈಗೆ ಬಂದು ಹೊಸ ರಂಗಭೂಮಿಯನ್ನೂ ಹತ್ತಿತು. ಗೆಳೆಯನ ಹೆಂಡತಿಗೆ ಮನಸೋತ ಸಂಗ್ಯಾನ ಮೇಲೂ ಅವನನ್ನು ಕಡಿದುಹಾಕುವ ಈರ್ಯಾನ ಮೇಲೂ ಪ್ರೇಕ್ಷಕನು ಏಕಕಾಲಕ್ಕೆ ಮರುಗುವಂತೆ ಮಾಡಿದ ಆ ಹಳ್ಳಿಯ ಕವಿಗೆ ಅಪರಾಧದ ಬಗ್ಗೆ ನಮ್ಮ ಠಾಣೆಯ ಪಂಚನಾಮೆಗಿಂತ ಹೆಚ್ಚಿನದು ತಿಳಿದಿತ್ತು.

ಸೇಡನ್ನು ಮುರಿದವರ ಉದಾಹರಣೆಗಳೂ ಇಲ್ಲಿಯೇ ಇವೆ, ಸೋತವರವೂ ಇವೆ. ಅಹಿಂಸೆಯನ್ನು ಬೋಧಿಸಿದ ಬಸವಣ್ಣನವರು ಕೂಡಲಸಂಗಮಕ್ಕೆ ಮರಳಿದ ಹೊತ್ತಿಗೆ, ಹರಳಯ್ಯ-ಮಧುವರಸರಿಗೆ ವಿಧಿಸಿದ ಘೋರ ಶಿಕ್ಷೆಗೆ ಪ್ರತಿಯಾಗಿ ಶರಣರಲ್ಲಿಯೇ ಕೆಲವರು ಬಿಜ್ಜಳನನ್ನು ಕೊಂದರೆಂದು ಪರಂಪರೆ ಹೇಳುತ್ತದೆ; ಗುರುವಿನ ಮಾತು ನೋವಿನೆದುರು ನಿಲ್ಲಲಿಲ್ಲ. ಅದಕ್ಕೆ ನಾಲ್ಕು ಶತಮಾನ ಮೊದಲು ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಗೆದ್ದು, ಪಲ್ಲವರ ರಾಜಸಿಂಹೇಶ್ವರ ದೇಗುಲದ ಐಶ್ವರ್ಯವನ್ನು ನೋಡಿ, ಒಂದನ್ನೂ ಮುಟ್ಟದೆ ದೇವರಿಗೇ ಬಿಟ್ಟುಕೊಟ್ಟು ಆ ಸಂಗತಿಯನ್ನು ಅಲ್ಲಿಯ ಕಂಬದ ಮೇಲೆ ಕನ್ನಡದಲ್ಲಿ ಬರೆಯಿಸಿದನು. ಆ ವಿಜಯದ ಸ್ಮರಣೆಗಾಗಿ ರಾಣಿ ಲೋಕಮಹಾದೇವಿ ಕಟ್ಟಿಸಿದ ಪಟ್ಟದಕಲ್ಲಿನ ವಿರೂಪಾಕ್ಷ ದೇಗುಲದಲ್ಲಿ ಕಂಚಿಯ ಶಿಲ್ಪದ ಛಾಯೆ ಸ್ಪಷ್ಟ. ವಾತಾಪಿಯನ್ನು ಸುಟ್ಟವರ ಊರನ್ನು ಸುಡದೆ ಬಂದವನನ್ನು ನಾವು ಕೊಂಡಾಡಬೇಕಾದುದೇ. ಆದರೆ ಅವನು ಗೆದ್ದಿದ್ದನು, ಚಕ್ರವರ್ತಿಯಾಗಿದ್ದನು. ಗೆಲ್ಲದೆಯೇ ಬಿಟ್ಟುಕೊಡೆಂದು ಎರಡೆಕರೆಯವನಿಗೆ ಉಪದೇಶಿಸುವ ಮೊದಲು ನಾವು ಸ್ವಲ್ಪ ಸಂಕೋಚಪಡಬೇಕು.

ಈಗ ಕೃಷ್ಣೆಯ ದಂಡೆಯಲ್ಲಿ ಹೊಸದೊಂದು ಪರೀಕ್ಷೆ ಒದಗಿದೆ. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಅಡಿಗಲ್ಲಿಟ್ಟ ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ಪೇಟೆಯನ್ನು ನುಂಗಿ, ಜನರನ್ನು ನವನಗರದ ಸೆಕ್ಟರುಗಳಿಗೂ ಪುನರ್ವಸತಿ ಕೇಂದ್ರಗಳಿಗೂ ಹಂಚಿತು. ಆಗ ಕಲಿತ ಪಾಠವೆಂದರೆ, ಮುಳುಗುವ ಹೊಲಕ್ಕೆ ಪರಿಹಾರ ಬಂದ ದಿನವೇ ಮಲಗಿದ್ದ ಪಾಲುಗಳೆಲ್ಲ ಎಚ್ಚತ್ತು ನಿಲ್ಲುತ್ತವೆಂಬುದು: ಬಾಯಿಮಾತಿನ ವಾಟ್ನಿಯಲ್ಲಿ ಉಂಡು ಬಂದ ಅಣ್ಣತಮ್ಮಂದಿರು, ಉತಾರದಲ್ಲಿ ಸತ್ತ ಅಜ್ಜನ ಹೆಸರು, ಸಾಗು ಮಾಡಿದವನೊಬ್ಬ, ಚೆಕ್ಕು ಬಂದದ್ದು ಇನ್ನೊಬ್ಬನಿಗೆ, 1994ರ ರಾಜ್ಯ ತಿದ್ದುಪಡಿಯಿಂದಲೂ 2005ರ ಕೇಂದ್ರ ತಿದ್ದುಪಡಿಯಿಂದಲೂ ಸಮಪಾಲಿನ ಹಕ್ಕು ಪಡೆದು ತವರಿನ ಬಾಗಿಲಿಗೆ ಬಂದ ಅಕ್ಕತಂಗಿಯರು. 2000ದಲ್ಲಿ ‘ಭೂಮಿ’ ಯೋಜನೆಯಿಂದ ಉತಾರಗಳು ಗಣಕಯಂತ್ರಕ್ಕೆ ಏರಿದವು ನಿಜ. ತಪ್ಪಾಗಿದ್ದವು ತಪ್ಪಾಗಿಯೇ ಏರಿದವು. ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256ಕ್ಕೆ ಏರಿಸಲು 2010ರಲ್ಲಿ ನ್ಯಾಯಾಧಿಕರಣವು ಒಪ್ಪಿದುದರಿಂದ ಇನ್ನಷ್ಟು ಊರುಗಳು ಏಳಬೇಕಾಗಿವೆ. ನೀರಾವರಿ ಭೂಮಿಗೆ ಎಕರೆಗೆ 40 ಲಕ್ಷ, ಒಣಭೂಮಿಗೆ 30 ಲಕ್ಷ ರೂಪಾಯಿಯ ದರವನ್ನು ಸಚಿವ ಸಂಪುಟವು 2025ರಲ್ಲಿ ನಿಶ್ಚಯಿಸಿದೆ.

ಎಕರೆಗೆ 40 ಲಕ್ಷವೆಂದರೆ ಗುಂಟೆಗೆ ಒಂದು ಲಕ್ಷ. ಬದುವಿನ ಮೇಲೆ ಒಂದು ಸಾಲು ಹೆಚ್ಚಾಗಿ ಉತ್ತವನ ಕೆಲಸಕ್ಕೆ ಇಂಥ ಬೆಲೆ ಈ ನೆಲದಲ್ಲಿ ಹಿಂದೆಂದೂ ಬಂದಿರಲಿಲ್ಲ. ಮುಳುಗಡೆಯ ಪಟ್ಟಿಯಲ್ಲಿರುವ ಊರುಗಳ ಯಾವ ಸರ್ವೆ ನಂಬರುಗಳಲ್ಲಿ ಹಿಸ್ಸೆಯ ಅಳತೆ ಇನ್ನೂ ಆಗಿಲ್ಲ, ಯಾವ ಉತಾರಗಳಲ್ಲಿ ವಾರಸಾ ದಾಖಲಾಗಿಲ್ಲ ಎಂಬುದು ತಹಶೀಲದಾರರ ಕಚೇರಿಯಲ್ಲಿ ಕೂತು ತೆಗೆಯಬಹುದಾದ ಲೆಕ್ಕ. ಆ ಅಳತೆ ಹಣ ಬರುವುದಕ್ಕೆ ಮೊದಲು ನಡೆಯಬೇಕು. ಸಾಕಷ್ಟು ಮಂದಿ ಮೋಜಣಿದಾರರನ್ನು ಈಗಲೇ ಕಳಿಸುವುದಕ್ಕೆ ತಗಲುವ ವೆಚ್ಚ, ಮುಂದೆ ಜಿಲ್ಲಾ ನ್ಯಾಯಾಲಯಕ್ಕೂ ಹಿಂಡಲಗಾ ಜೈಲಿಗೂ ತಗಲುವ ವೆಚ್ಚಕ್ಕಿಂತ ಕಡಿಮೆಯೇ ಇದ್ದೀತು.